‘ಮೂನ್ ನೈಟ್’ 5ನೇ ಎಪಿಸೋಡ್: ಶಿರಸಿಯ ಮಳೆಯಲ್ಲಿ ಯಾವುದರಲ್ಲಿ ಕೇಳಬೇಕು?

‘ಮೂನ್ ನೈಟ್’ ಮಾರ್ವೆಲ್‌ನ ಸೂಪರ್‌ಹೀರೊ ವೆಬ್ ಸರಣಿ. ಅದರ ಐದನೇ ಕಂತನ್ನು ಯಾವುದರಲ್ಲಿ ಕೇಳಬೇಕು ಎಂಬ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹೆಂಚಿನ ಮಾಡು ಅಥವಾ ತಗಡಿನ ಶೀಟು ಇರುವ ಮನೆಯಲ್ಲಿ, ಜಡಿಮಳೆಯ ದಿನಗಳಲ್ಲಿ ಈ ಎಪಿಸೋಡ್ ನೋಡುವುದಾದರೆ ಟಿವಿಗೆ ವೈರ್ ಇರುವ ಹೆಡ್‌ಫೋನ್ ಹಾಕಿ. ಟಿವಿಯದೇ ಸ್ಪೀಕರ್, ಸೌಂಡ್‌ಬಾರ್, ಬ್ಲೂಟೂತ್ ಹೆಡ್‌ಫೋನ್, ಮೊಬೈಲ್ ಎಲ್ಲದರಲ್ಲೂ ಇದನ್ನೇ ಹಾಕಿ ನೋಡಿದ ಮೇಲೆ ಹೇಳುತ್ತಿರುವ ಮಾತು. ಸರಣಿ ಇನ್ನೂ ನೋಡಿರದವರು ಮುಂದಿನ ಎರಡು ಪ್ಯಾರಾ ಬಿಟ್ಟು ಓದಿ, ಕಥೆಯ ಗುಟ್ಟು ಅಲ್ಲಿದೆ.

2022ರ ಏಪ್ರಿಲ್ 27ರಂದು ಬಂದ ಈ ಕಂತಿನ ಹೆಸರು ‘ಅಸೈಲಮ್’, ನಿರ್ದೇಶಕ ಈಜಿಪ್ಟಿನ ಮೊಹಮದ್ ದಿಯಾಬ್. ಆರು ಕಂತುಗಳಲ್ಲಿ ಇದರ ತೂಕ ಬೇರೆಯೇ. ಮಾರ್ಕ್ ಮತ್ತು ಸ್ಟೀವನ್ ಒಂದೇ ಮೈಯಲ್ಲಿರುವ ಎರಡು ವ್ಯಕ್ತಿತ್ವಗಳು. ನಾಲ್ಕನೇ ಕಂತಿನ ಕೊನೆಯವರೆಗೆ ಕನ್ನಡಿಯಲ್ಲಿ, ಗಾಜಿನಲ್ಲಿ ಮಾತಾಡಿಕೊಳ್ಳುತ್ತಿದ್ದ ಅವರು ಇಲ್ಲಿ ಕಂತಿನುದ್ದಕ್ಕೂ ಎದುರೆದುರು ನಿಲ್ಲುತ್ತಾರೆ. ಇಬ್ಬರೂ ಆಸ್ಕರ್ ಐಸಾಕ್ ಅವರೇ. ಚಿತ್ರೀಕರಣದ ಹೊತ್ತಿಗೆ ಎದುರಿನ ಪಾತ್ರದ ಜಾಗದಲ್ಲಿ ನಿಂತವರು ಅವರ ತಮ್ಮ ಮೈಕಲ್ ಬೆಂಜಮಿನ್ ಹೆರ್ನಾಂಡೆಜ್. ಮಾರ್ಕ್ ಅಮೆರಿಕದವನ ಹಾಗೆ ಮಾತಾಡುತ್ತಾನೆ, ಸ್ಟೀವನ್ ಲಂಡನ್ನಿನವನ ಹಾಗೆ. ಮರಳಿನ ಮೇಲೆ ತೇಲುವ ದೋಣಿ, ಹಿಪೊಪೊಟಮಸ್ ಮುಖದ ದೇವತೆ ಟಾವೆರೆಟ್, ಗರಿಯ ಎದುರು ಹೃದಯ ಇಟ್ಟು ತೂಗುವ ತಕ್ಕಡಿ, ಇವೆಲ್ಲ ಸಾಧಾರಣ ಟಿವಿಯಲ್ಲೂ ಚೆನ್ನಾಗಿಯೇ ಕಾಣುತ್ತವೆ. ಆದರೆ ಕಂತು ನಿಂತಿರುವುದು ಆ ಎರಡು ಧ್ವನಿಗಳ ಮೇಲೆ.

ತಾಯಿ ಸತ್ತ ಮನೆಯ ಹೊರಗಿನ ಬೀದಿಯ ದೃಶ್ಯವನ್ನೇ ತೆಗೆದುಕೊಳ್ಳಿ. ಒಳಗೆ ಹೋಗಲಾಗದೆ ಮಾರ್ಕ್ ಅಲ್ಲೇ ಕುಸಿಯುತ್ತಾನೆ. ಅಳು ನಿಂತಾಗ ಅದೇ ಮೈಯಲ್ಲಿ ಸ್ಟೀವನ್ ಇರುತ್ತಾನೆ, ಏನೂ ಆಗದವನಂತೆ ಫೋನ್ ಎತ್ತಿ ಅಮ್ಮನ ಜತೆ ಮಾತಾಡತೊಡಗುತ್ತಾನೆ. ನಮ್ಮ ಕಡೆ ಮಳೆಗಾಲದಲ್ಲಿ ತಾಳಮದ್ದಲೆ ಕೇಳಿ ಬೆಳೆದವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ: ವೇಷವಿಲ್ಲ, ಬಣ್ಣವಿಲ್ಲ, ಮಾತೇ ಪಾತ್ರ. ಹಾಗಾಗಿ ಹಿಂದಿ ಡಬ್ಬಿಂಗ್ ಬೇಡ, ಅಮೆರಿಕ ಮತ್ತು ಲಂಡನ್ನಿನ ಆ ವ್ಯತ್ಯಾಸ ಅದರಲ್ಲಿ ಉಳಿಯುವುದಿಲ್ಲ. ಮೂಲ ಇಂಗ್ಲಿಷ್, ಕೆಳಗೆ ಸಬ್‌ಟೈಟಲ್.

ಟಿವಿ ಸ್ಪೀಕರ್ ಮಳೆ ಇಲ್ಲದ ರಾತ್ರಿ ಸಾಕು. ಮಳೆ ಬಂದರೆ ಆಗುವುದಿಲ್ಲ. ತಗಡಿನ ಮೇಲಿನ ಸದ್ದು ಮೊದಲು ನುಂಗುವುದು ‘ಸ’, ‘ಶ’, ‘ತ’, ‘ಕ’ದಂಥ ಹರಿತವಾದ ವ್ಯಂಜನಗಳನ್ನು. ಸ್ವರ ಉಳಿಯುತ್ತದೆ, ಮಾತು ಕಲಸಿಹೋಗುತ್ತದೆ. ಈಗಿನ ತೆಳು ಟಿವಿಗಳ ಸ್ಪೀಕರ್ ಹೆಚ್ಚಾಗಿ ಕೆಳಮುಖವಾಗಿಯೋ ಹಿಮ್ಮುಖವಾಗಿಯೋ ಇರುವುದರಿಂದ ಆ ಹರಿತ ಮೊದಲೇ ಕಡಿಮೆ. ವಾಲ್ಯೂಮ್ ಏರಿಸಿದರೆ ಪಿಸುಮಾತು ಸ್ವಲ್ಪ ಏರುತ್ತದೆ, ಕಿರುಚಾಟ ಮನೆಮಂದಿಯನ್ನೆಲ್ಲ ಎಬ್ಬಿಸುತ್ತದೆ.

ಸೌಂಡ್‌ಬಾರ್ ಇದಕ್ಕಿಂತ ಮೇಲು. ತಗೊಳ್ಳುವುದಾದರೆ ಮಧ್ಯದಲ್ಲಿ ಬೇರೆ ಚಾನೆಲ್ ಇರುವ 3.1 ನೋಡಿ, 5.1 ಮಿಶ್ರಣದಲ್ಲಿ ಸಂಭಾಷಣೆ ಬಹುಮಟ್ಟಿಗೆ ಆ ನಡುವಿನ ಚಾನೆಲ್‌ನಲ್ಲೇ ಇರುತ್ತದೆ. ನಡುವಿನ ಚಾನೆಲ್ ಇಲ್ಲದ 2.1ರಲ್ಲಿ ಡಬಡಬ ಸಿಗುತ್ತದೆ, ಮಾತು ಸ್ಪಷ್ಟವಾಗುವುದಿಲ್ಲ. ‘ನೈಟ್ ಮೋಡ್’ ಇದ್ದರೆ ಹಾಕಿ, ದೊಡ್ಡ ಸದ್ದು ತಗ್ಗಿ ಸಣ್ಣ ಸದ್ದು ಏರುತ್ತದೆ. ಕಾರವಾರದ ಆರ್‌ಸಿಸಿ ಮನೆಯಲ್ಲಿ ನಾಲ್ಕು ಜನ ಕೂತು ನೋಡುವುದಾದರೆ ನನ್ನ ಮೊದಲ ಆಯ್ಕೆಯೂ ಇದೇ. ಶೀಟಿನ ಮನೆಗೆ ಅಷ್ಟು ದುಡ್ಡು ಹಾಕುವುದು ದಂಡ.

ಇನ್ನು ಬ್ಲೂಟೂತ್. ಎಲ್ಲರೂ ಮೊದಲು ಕೈಹಾಕುವುದು ಇದಕ್ಕೇ, ತೊಂದರೆ ಇರುವುದೂ ಇಲ್ಲೇ. ಮಳೆಯ ಸದ್ದು ತಡೆಯುತ್ತದೆ, ಮಾತು ಸ್ಪಷ್ಟ, ವೈರಿನ ಕಾಟವಿಲ್ಲ. ಆದರೆ ಧ್ವನಿ ತುಟಿಗಿಂತ ಹಿಂದೆ ಬೀಳುತ್ತದೆ. ಟಿವಿಗಳು ಸಾಮಾನ್ಯವಾಗಿ ಬಳಸುವ ಎಸ್‌ಬಿಸಿ ಕೋಡೆಕ್‌ನಲ್ಲಿ (ಧ್ವನಿಯನ್ನು ಕುಗ್ಗಿಸಿ ಕಳಿಸುವ ಒಂದು ವಿಧಾನ) ಈ ವಿಳಂಬ ಸುಮಾರು 150ರಿಂದ 250 ಮಿಲಿಸೆಕೆಂಡ್. ಧ್ವನಿ 125 ಮಿಲಿಸೆಕೆಂಡಿಗಿಂತ ತಡವಾದರೆ ನೋಡುವವರಿಗೆ ಗೊತ್ತಾಗತೊಡಗುತ್ತದೆ ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಲೆಕ್ಕ.

ಬೇರೆ ಸರಣಿಯಲ್ಲಿ ಇದನ್ನು ಸಹಿಸಿಕೊಳ್ಳಬಹುದು. ಇಲ್ಲಿ ಆಗುವುದಿಲ್ಲ, ಯಾಕೆಂದರೆ ಎರಡೂ ಮುಖ ಒಂದೇ. ಮಾರ್ಕ್ ಮತ್ತು ಸ್ಟೀವನ್ ಜಗಳಾಡುವಾಗ ಶಾಟ್ ಬೇಗ ಬೇಗ ಬದಲಾಗುತ್ತದೆ. ಸ್ಟೀವನ್‌ನ ಕೊನೆಯ ಅಕ್ಷರ ಮಾರ್ಕ್‌ನ ಮುಖದ ಮೇಲೆ ಬೀಳುತ್ತದೆ. ಯಾರು ಯಾರೆಂದು ಗುರುತಿಸಲು ಕಿವಿಯನ್ನೇ ನಂಬಿರುವಾಗ ಅದೇ ಕಿವಿ ತಪ್ಪು ಹೇಳಿದಂತಾಗುತ್ತದೆ. ಇಷ್ಟು ಜತನದಿಂದ ಮಾಡಿದ ಅಭಿನಯ ಹೀಗೆ ಹಾಳಾಗುವುದು ನಿಜಕ್ಕೂ ಬೇಸರದ ವಿಷಯ.

ಟಿವಿಯ ಸೆಟ್ಟಿಂಗ್‌ನಲ್ಲಿ ‘ಆಡಿಯೊ ಡಿಲೇ’ ಇದೆಯಲ್ಲ ಎನ್ನಬಹುದು. ಹೆಚ್ಚಿನ ಟಿವಿಗಳಲ್ಲಿ ಅದು ಧ್ವನಿಯನ್ನು ಇನ್ನೂ ಹಿಂದೆ ತಳ್ಳುತ್ತದೆಯೇ ಹೊರತು ಮುಂದೆ ಎಳೆಯಲಾರದು. ಮೊಬೈಲಿನಲ್ಲಿ ಇದೇ ಹೆಡ್‌ಫೋನ್ ಸರಿಯಾಗಿ ಕೇಳುವುದಕ್ಕೆ ಕಾರಣ, ಅಲ್ಲಿ ಪ್ಲೇಯರ್ ವಿಳಂಬವನ್ನು ಲೆಕ್ಕ ಹಾಕಿ ಚಿತ್ರವನ್ನೇ ಅಷ್ಟು ತಡೆದು ತೋರಿಸುತ್ತದೆ. ಟಿವಿಗೆ ಬೇರೆ ಬ್ಲೂಟೂತ್ ಟ್ರಾನ್ಸ್‌ಮಿಟರ್ ತಂದು ಆಪ್ಟ್‌ಎಕ್ಸ್ ಲೋ ಲೇಟೆನ್ಸಿ ಎಂಬ ಕೋಡೆಕ್ ಬಳಸಿದರೆ ವಿಳಂಬ 40 ಮಿಲಿಸೆಕೆಂಡಿನ ಹತ್ತಿರ ಇಳಿಯುತ್ತದೆ. ಆದರೆ ಹೆಡ್‌ಫೋನಿನಲ್ಲೂ ಅದೇ ಕೋಡೆಕ್ ಇರಲೇಬೇಕು, ಒಂದು ಕಡೆ ಮಾತ್ರ ಇದ್ದರೆ ಮತ್ತೆ ಎಸ್‌ಬಿಸಿಯೇ ಗತಿ. ಅಷ್ಟೆಲ್ಲ ಮಾಡುವ ಬದಲು ವೈರ್ ಸಾಕು.

ವೈರಿಗೆ ಟಿವಿಯ ಹಿಂದೆ 3.5 ಮಿ.ಮೀ. ಜ್ಯಾಕ್ ಇದ್ದರೆ ಕೆಲಸ ಮುಗಿಯಿತು. ಕಿವಿ ಪೂರ್ತಿ ಮುಚ್ಚುವ, 32 ಓಮ್ (ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ) ಆಸುಪಾಸಿನ ಹೆಡ್‌ಫೋನ್ ತಗೊಳ್ಳಿ. 250 ಓಮ್‌ನ ಸ್ಟುಡಿಯೊ ಮಾದರಿಗೆ ಟಿವಿಯ ಜ್ಯಾಕ್ ಸಾಲುವುದಿಲ್ಲ, ಸದ್ದು ಸಣ್ಣದಾಗುತ್ತದೆ. ಕುರ್ಚಿಯವರೆಗೆ ಬರಲು 3 ಮೀಟರ್ ಎಕ್ಸ್‌ಟೆನ್ಷನ್.

ಜ್ಯಾಕ್ ಇಲ್ಲದಿದ್ದರೆ ಧ್ವನಿಯನ್ನು ಬೆಳಕಿನ ಮೂಲಕ ಕಳಿಸುವ ಆಪ್ಟಿಕಲ್ ಪೋರ್ಟ್‌ನಿಂದ ಹೋಗಬೇಕು. ಆಪ್ಟಿಕಲ್ ಕೇಬಲ್, ಡಿಜಿಟಲ್‌ನಿಂದ ಅನಲಾಗ್ ಮಾಡುವ ಸಣ್ಣ ಡಬ್ಬಿ, ಎರಡೂ ಸೇರಿ ಸಾವಿರದ ಆಸುಪಾಸು. ಕೇಬಲ್ಲಿನ ಎರಡೂ ತುದಿಯ ಪ್ಲಾಸ್ಟಿಕ್ ಟೋಪಿ ತೆಗೆದೇ ಚುಚ್ಚಿ. ಟಿವಿ ಚಾಲೂ ಇದ್ದಾಗ ಇನ್ನೊಂದು ತುದಿಯಲ್ಲಿ ಕೆಂಪು ಬೆಳಕು ಕಾಣಬೇಕು. ಆಮೇಲೆ ಸೌಂಡ್ ಸೆಟ್ಟಿಂಗ್‌ಗೆ ಹೋಗಿ ಡಿಜಿಟಲ್ ಔಟ್‌ಪುಟ್ ‘ಪಿಸಿಎಂ’ (ಕುಗ್ಗಿಸದ ಧ್ವನಿ) ಮಾಡಿ. ‘ಆಟೊ’ ಅಥವಾ ‘ಬಿಟ್‌ಸ್ಟ್ರೀಮ್’ ಇದ್ದರೆ ಟಿವಿ ಡಾಲ್ಬಿ ಕಳಿಸುತ್ತದೆ, ಅಗ್ಗದ ಡಬ್ಬಿಗೆ ಅದನ್ನು ಬಿಡಿಸಲು ಬರುವುದಿಲ್ಲ, ಸದ್ದೇ ಬಾರದು ಇಲ್ಲವೇ ಬರೀ ಗೊರಗೊರ. ಡಬ್ಬಿ ಕೆಟ್ಟಿದೆ ಎಂದು ವಾಪಸ್ ಕಳಿಸುವ ಮೊದಲು ಇದನ್ನು ನೋಡಿ. ಇನ್ನೊಂದು, ಆಪ್ಟಿಕಲ್‌ನಲ್ಲಿ ಎಷ್ಟೋ ಟಿವಿಗಳ ರಿಮೋಟಿನಿಂದ ವಾಲ್ಯೂಮ್ ಬದಲಾಗುವುದಿಲ್ಲ. ತಿರುಪು ಇರುವ ಡಬ್ಬಿಯನ್ನೇ ಕೇಳಿ ತಗೊಳ್ಳಿ. ಟಿವಿಯ ಯುಎಸ್‌ಬಿಯಿಂದ ಕರೆಂಟು ಕೊಟ್ಟಾಗ ಗುಂಯ್ ಎನ್ನುತ್ತಿದ್ದರೆ ಮೊಬೈಲ್ ಚಾರ್ಜರಿಗೆ ಹಾಕಿ.

ಮೊಬೈಲ್: ಡೌನ್‌ಲೋಡ್ ಮಾಡಿಟ್ಟುಕೊಳ್ಳಬಹುದು, ಬ್ಲೂಟೂತ್ ಹಿಂದೆ ಬೀಳುವುದಿಲ್ಲ, ಲಾಭ ಅಷ್ಟೇ.

ಚಿತ್ರಕ್ಕೆ ‘ಸಿನೆಮಾ’ ಮೋಡ್, ಚಲನೆಯನ್ನು ಕೃತಕವಾಗಿ ನಯವಾಗಿಸುವ ಮೋಷನ್ ಸ್ಮೂದಿಂಗ್ ಬಂದ್. ‘ವಿವಿಡ್’ನಲ್ಲಿ ಈ ಕಂತಿನ ಆಸ್ಪತ್ರೆಯ ಬಿಳಿ ಗೋಡೆ ನೀಲಿಗೆ ತಿರುಗುತ್ತದೆ.

ಕರೆಂಟು ಹೋಗಿಬರುವ ಕಾಲ. ಇನ್ವರ್ಟರಿನ ಹಿಂದಿನ ಸ್ವಿಚ್ ‘ಯುಪಿಎಸ್’ ಕಡೆ ಇಡಿ, ‘ನಾರ್ಮಲ್’ನಲ್ಲಿ ಬದಲಾಗುವ ಹೊತ್ತಿಗೆ ರೂಟರ್ ರೀಸ್ಟಾರ್ಟ್ ಆಗಿ ಸ್ಟ್ರೀಮ್ ನಿಲ್ಲಬಹುದು. ಅದೂ ಸಾಲದಿದ್ದರೆ ರೂಟರಿಗೆಂದೇ 12 ವೋಲ್ಟಿನ ಪುಟ್ಟ ಯುಪಿಎಸ್ ಸಿಗುತ್ತದೆ. ತರುವ ಮೊದಲು ನಿಮ್ಮ ಅಡಾಪ್ಟರಿನ ಮೇಲಿನ ವೋಲ್ಟ್, ಆಂಪಿಯರ್ ಓದಿಕೊಳ್ಳಿ.

ರಾತ್ರಿ ಊಟದ ನಂತರ ಒಬ್ಬರೇ ನೋಡುವ ಅಭ್ಯಾಸ, ಮೂರು ಸಾವಿರದೊಳಗಿನ ಖರ್ಚು, ಮೇಲೆ ಶೀಟು: ಇದು ನನ್ನ ಲೆಕ್ಕ, ಇದಕ್ಕೆ ವೈರ್ ಹೆಡ್‌ಫೋನಿಗೆ ಎದುರಿಲ್ಲ. ಇಬ್ಬರು ನೋಡುವುದಾದರೆ ನೂರಿನ್ನೂರರ ಸ್ಪ್ಲಿಟರ್ ಹಾಕಿ ಇನ್ನೊಂದು ಹೆಡ್‌ಫೋನ್ ಸೇರಿಸಬಹುದು, ಎರಡೂ ಒಂದೇ ಮಾದರಿಯದಾದರೆ ಸದ್ದು ಸಮನಾಗಿರುತ್ತದೆ. ಅಂಕೋಲಾ, ಕಾರವಾರದಲ್ಲಿ ಸಮುದ್ರಕ್ಕೆ ಹತ್ತಿರ ಇರುವವರು ಪಿನ್ನನ್ನು ಆಗಾಗ ಒಣ ಬಟ್ಟೆಯಲ್ಲಿ ಒರೆಸಿ, ಉಪ್ಪುಗಾಳಿಗೆ ಅದು ಕಪ್ಪಾಗಿ ಒಂದು ಕಿವಿಯ ಸದ್ದು ಹೋಗಿ ಬಂದು ಮಾಡುತ್ತದೆ.