ಮೈಸೂರಿನ ಫುಟ್‌ಬಾಲ್ ರೆಫರಿ ತರಬೇತಿ: ಮೈದಾನದಲ್ಲಿ ಗಟ್ಟಿ, ತರಗತಿಯಲ್ಲಿ ಅವಸರ

ಮೈಸೂರಿನಲ್ಲಿ ವಾರಾಂತ್ಯಗಳಲ್ಲಿ ನಡೆಯುವ ಫುಟ್‌ಬಾಲ್ ರೆಫರಿಗಳ ಪ್ರಾಥಮಿಕ ತರಬೇತಿಯೊಂದನ್ನು ಇತ್ತೀಚೆಗೆ ಮುಗಿಸಿದ್ದೇನೆ. ಇಂಥ ತರಬೇತಿಗೆ ಸೇರಬೇಕೆಂದು ಯೋಚಿಸುತ್ತಿರುವ ಮೈಸೂರು, ಮಂಡ್ಯ ಕಡೆಯ ಆಟಗಾರರಿಗೂ ದೈಹಿಕ ಶಿಕ್ಷಣ ಶಿಕ್ಷಕರಿಗೂ ನೆರವಾಗಲೆಂದು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಮೈದಾನದಲ್ಲಿ ಕಲಿಸುವ ಪಾಠ ಅತ್ಯುತ್ತಮವಾಗಿದೆ, ಅದೊಂದಕ್ಕಾಗಿಯೇ ಸೇರಬಹುದು. ತರಗತಿಯ ಪಾಠ ಮಾತ್ರ ಅವಸರದಲ್ಲಿ ಮುಗಿಯುತ್ತದೆ ಮತ್ತು ಅದನ್ನು ತಿದ್ದಿಕೊಳ್ಳಲೇಬೇಕು.

ನಮ್ಮ ಭಾಗಕ್ಕೆ ಈ ತರಬೇತಿ ಏಕೆ ಬೇಕು ಎಂಬುದು ಇಲ್ಲಿನ ಪಂದ್ಯಗಳನ್ನು ನೋಡಿದವರಿಗೆಲ್ಲ ಗೊತ್ತು. ಮೈಸೂರು ರಾಜ್ಯದ ಹೆಸರಿನಲ್ಲಿ ಆಡಿ, ರಾಜ್ಯ ತಂಡಗಳ ರಾಷ್ಟ್ರೀಯ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದ ತಂಡಗಳ ಪರಂಪರೆ ನಮ್ಮದು. 1968–69ರ ನಂತರ ಬಹುಕಾಲ ಕಾದು 2023ರಲ್ಲಿ ಕರ್ನಾಟಕ ಆ ಟ್ರೋಫಿಯನ್ನು ಮತ್ತೆ ತಂದಿತು. ಆದರೆ ಬಡಾವಣೆಗಳಲ್ಲಿ, ಕಾಲೇಜುಗಳ ನಡುವೆ ನಡೆಯುವ ಪಂದ್ಯಗಳಲ್ಲಿ ಅನೇಕ ವೇಳೆ ಸೀಟಿ ಹಿಡಿಯುವವರು ಆಯೋಜಕರ ಕಡೆಯ ಯಾರಾದರೊಬ್ಬರು. ಆಫ್‌ಸೈಡ್ (ಜೊತೆಗಾರ ಚೆಂಡನ್ನು ಒದೆದ ಕ್ಷಣದಲ್ಲಿ ಆಟಗಾರನು ಎದುರಾಳಿಯ ಅರ್ಧದಲ್ಲಿ, ಚೆಂಡಿಗಿಂತಲೂ ಕೊನೆಯಿಂದ ಎರಡನೆಯ ಎದುರಾಳಿಗಿಂತಲೂ ಗೋಲ್‌ಗೆರೆಗೆ ಹತ್ತಿರವಿರುವುದು) ವಿಷಯದಲ್ಲಿ ಜಗಳ ಹತ್ತಿ ಪಂದ್ಯ ಅರ್ಧಕ್ಕೇ ನಿಂತುಹೋದದ್ದನ್ನು ಕಾಲೇಜು ದಿನಗಳಲ್ಲಿ ಡಿಫೆಂಡರ್ ಆಗಿ ಆಡುತ್ತಿದ್ದಾಗ ನಾನೇ ಕಂಡಿದ್ದೇನೆ. ಹುಡುಗರು ತಿಂಗಳುಗಟ್ಟಲೆ ಬೆವರು ಸುರಿಸಿ ಸಿದ್ಧವಾಗುವ ಆಟಕ್ಕೆ ನಿಯಮ ಬಲ್ಲ ಒಬ್ಬ ತೀರ್ಪುಗಾರನನ್ನಾದರೂ ಒದಗಿಸುವುದು ನಮ್ಮ ಕರ್ತವ್ಯವೆಂದು ನಾನು ನಂಬಿದ್ದೇನೆ.

ಮೈದಾನದ ಪಾಠವು ರೆಫರಿ ಎಲ್ಲಿ ನಿಲ್ಲಬೇಕು ಎಂಬುದರಿಂದ ಆರಂಭವಾಗುತ್ತದೆ. ರೆಫರಿ ಒಂದು ಮೂಲೆಯ ಕಡೆಯಿಂದ ಎದುರು ಮೂಲೆಯ ಕಡೆಗೆ ಓರೆಯಾಗಿ ಓಡಾಡಬೇಕು, ಇಬ್ಬರು ಸಹಾಯಕರು ಉಳಿದೆರಡು ಮೂಲೆಗಳಿಗೆ ಹೊಂದಿಕೊಂಡ ಬದಿಗೆರೆಗಳ ಅರ್ಧಭಾಗವನ್ನು ನೋಡಿಕೊಳ್ಳಬೇಕು. ಹೀಗೆ ಮಾಡಿದಾಗ ಆಟವು ಸದಾ ರೆಫರಿ ಮತ್ತು ಒಬ್ಬ ಸಹಾಯಕನ ನಡುವೆ ಉಳಿದು, ಒಂದೇ ಘಟನೆಯನ್ನು ಎರಡು ದಿಕ್ಕಿನಿಂದ ಎರಡು ಜೊತೆ ಕಣ್ಣುಗಳು ನೋಡುತ್ತವೆ. ಮುಂದೆ ಫಿಫಾ ಅಧ್ಯಕ್ಷರೂ ಆದ ಇಂಗ್ಲೆಂಡಿನ ರೆಫರಿ ಸ್ಟಾನ್ಲಿ ರೌಸ್ ಬಳಕೆಗೆ ತಂದ ಈ ಪದ್ಧತಿಯನ್ನು ಹಲಗೆಯ ಮೇಲೆ ಗೆರೆ ಎಳೆದು ತೋರಿಸಿದರೆ ಎರಡು ನಿಮಿಷದಲ್ಲಿ ಅರ್ಥವಾಗುತ್ತದೆ, ಆದರೆ ಕಾಲಿಗೆ ರೂಢಿಯಾಗಲು ಹಿಡಿಯುವ ಸಮಯವೇ ಬೇರೆ. ನಮ್ಮ ತರಬೇತುದಾರರು ಸಣ್ಣ ಪಂದ್ಯವೊಂದನ್ನು ಆಡಿಸುತ್ತ, ಇದ್ದಕ್ಕಿದ್ದಂತೆ ಎಲ್ಲರನ್ನೂ ನಿಂತಲ್ಲೇ ನಿಲ್ಲಿಸಿ, ಸೀಟಿ ಹಿಡಿದವನನ್ನು ಕೇಳುತ್ತಿದ್ದರು: ‘ಚೆಂಡು ಎಲ್ಲಿದೆ, ನೀನೆಲ್ಲಿದ್ದೀಯಪ್ಪಾ? ಅವನು ಕಾಲು ಕೊಟ್ಟು ಬೀಳಿಸಿದ್ದು ನಿನಗೆ ಅವನ ಬೆನ್ನಿನ ಹಿಂದಿನಿಂದ ಕಂಡಿತೇ?’ ಆ ಪ್ರಶ್ನೆಗೆ ಉತ್ತರವಿಲ್ಲದೆ ನಿಂತ ಹುಡುಗ ಮುಂದಿನ ಸಲ ತಾನಾಗಿಯೇ ಹತ್ತು ಹೆಜ್ಜೆ ಬದಿಗೆ ಸರಿದು ನೋಡುತ್ತಿದ್ದ.

ಎಲ್ಲಕ್ಕಿಂತ ಮಿಗಿಲಾದದ್ದು ಆಫ್‌ಸೈಡ್ ಅಭ್ಯಾಸ. ಸಹಾಯಕ ರೆಫರಿಯು ಗೋಲ್‌ಗೆರೆಗೆ ಹತ್ತಿರದ ಎರಡನೆಯ ಎದುರಾಳಿಯ ನೇರಕ್ಕೆ ಇರಬೇಕು, ಆ ಎದುರಾಳಿಗಿಂತ ಚೆಂಡೇ ಗೋಲ್‌ಗೆರೆಗೆ ಹತ್ತಿರವಿದ್ದರೆ ಚೆಂಡಿನ ನೇರಕ್ಕೆ. ಒಂದೆರಡು ಮೀಟರ್ ಹಿಂದೆ ಉಳಿದರೂ ಓರೆನೋಟದಿಂದಾಗಿ ಸಮನಾಗಿರುವ ಆಟಗಾರನು ಮುಂದಿರುವಂತೆಯೋ ಹಿಂದಿರುವಂತೆಯೋ ತೋರುತ್ತಾನೆ. ಇದರ ಮೇಲೆ ಇನ್ನೊಂದು ತೊಡಕೂ ಇದೆ: ಚೆಂಡನ್ನು ಒದೆದ ಕ್ಷಣ ಮತ್ತು ಓಡುತ್ತಿರುವ ಆಟಗಾರನಿದ್ದ ಜಾಗ ಇವೆರಡನ್ನೂ ಒಟ್ಟಿಗೆ ಹಿಡಿಯಬೇಕಾದ ಕಣ್ಣು ಆ ಆಟಗಾರನನ್ನು ಅವನಿದ್ದ ಜಾಗಕ್ಕಿಂತ ಸ್ವಲ್ಪ ಮುಂದೆ ಕಾಣುವುದುಂಟು. ಇದನ್ನು ಬಾಯಲ್ಲಿ ಹೇಳಿ ಬಿಡಲಿಲ್ಲ. ಬದಿಗೆರೆಯ ಮೇಲೆ ಬಾವುಟ ಹಿಡಿದು, ಮುಖವನ್ನು ಮೈದಾನಕ್ಕೆ ತಿರುಗಿಸಿಕೊಂಡೇ ಅಡ್ಡಡ್ಡ ಹೆಜ್ಜೆಯಲ್ಲಿ ಸರಿಯುವುದನ್ನು ಮೊದಲು ಕಲಿಸಿದರು. ಆಮೇಲೆ ಒಬ್ಬರು ಪಾಸ್ ಕೊಟ್ಟು, ಇನ್ನೊಬ್ಬರು ಓಡಿ, ಮತ್ತೊಬ್ಬರು ಮೊಬೈಲಿನಲ್ಲಿ ಚಿತ್ರೀಕರಿಸಿ, ಒದೆದ ಕ್ಷಣಕ್ಕೆ ವಿಡಿಯೊ ನಿಲ್ಲಿಸಿ ತೋರಿಸಿದರು. ಮಂಡ್ಯದಿಂದ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಆರಂಭದಲ್ಲಿ ಆಟಗಾರ ಓಡತೊಡಗಿದರೆ ಸಾಕು, ಬಾವುಟ ಎತ್ತಿಬಿಡುತ್ತಿದ್ದಳು. ‘ಕಾಯಬೇಕಮ್ಮಾ, ಚೆಂಡು ಯಾರಿಗೆ ಹೋಗುತ್ತದೆ ಅಂತ ನೋಡು, ಆಮೇಲೆ ಎತ್ತು’ ಎಂದು ತರಬೇತುದಾರರು ತಾಳ್ಮೆಯಿಂದ ತಿದ್ದಿದರು. ಆಫ್‌ಸೈಡ್ ಜಾಗದಲ್ಲಿ ಇರುವುದೇ ತಪ್ಪಲ್ಲ, ಅಲ್ಲಿಂದ ಆಟದಲ್ಲಿ ಪಾಲ್ಗೊಂಡರೆ ಮಾತ್ರ ತಪ್ಪು ಎಂಬ ನಿಯಮ ಆಕೆಗೆ ಮಾತ್ರವಲ್ಲ, ಅಲ್ಲಿದ್ದ ಎಲ್ಲರಿಗೂ ಆಗ ಮನದಟ್ಟಾಯಿತು. ತರಬೇತಿ ಮುಗಿಯುವ ಹೊತ್ತಿಗೆ ನಮ್ಮ ತಂಡದಲ್ಲಿ ಅತ್ಯಂತ ನಂಬಿಕೆಯ ಬಾವುಟ ಆಕೆಯದೇ ಆಗಿತ್ತು.

ಸೀಟಿ ಊದುವುದಕ್ಕೂ ಪ್ರತ್ಯೇಕ ಪಾಠವಿದೆ. ಸಾಮಾನ್ಯ ಫೌಲ್‌ಗೆ ಚಿಕ್ಕದಾಗಿ, ಪೆನಾಲ್ಟಿಗೋ ಒರಟು ಆಟಕ್ಕೋ ಗಟ್ಟಿಯಾಗಿ ದೀರ್ಘವಾಗಿ, ಚೆಂಡು ಗೆರೆ ದಾಟಿದ್ದು ಎಲ್ಲರಿಗೂ ಕಂಡಿದ್ದರೆ ಊದದೆಯೂ ಇರಬಹುದು. ಪರೋಕ್ಷ ಫ್ರೀ ಕಿಕ್ (ನೇರವಾಗಿ ಗೋಲು ಹೊಡೆಯಲಾಗದ ಫ್ರೀ ಕಿಕ್) ಕೊಟ್ಟಾಗ ಚೆಂಡು ಇನ್ನೊಬ್ಬ ಆಟಗಾರನಿಗೆ ತಗಲುವವರೆಗೆ ಅಥವಾ ಹೊರಗೆ ಹೋಗುವವರೆಗೆ ಕೈಯನ್ನು ತಲೆಯ ಮೇಲೆ ಎತ್ತಿ ಹಿಡಿದೇ ಇರಬೇಕು. ಅದನ್ನು ಮರೆತು ಕೈ ಇಳಿಸಿದವರನ್ನು ತರಬೇತುದಾರರು ಒಮ್ಮೆಯೂ ಹಾಗೇ ಬಿಡಲಿಲ್ಲ.

ದೇಹದಾರ್ಢ್ಯದ ಭಾಗ ಕಠಿಣವಾಗಿಯೇ ಇದೆ, ಇರಬೇಕಾದದ್ದೂ ಹಾಗೆಯೇ. ಅಂತರರಾಷ್ಟ್ರೀಯ ಮಟ್ಟದ ಪುರುಷ ರೆಫರಿಗಳು 40 ಮೀಟರ್ ಓಟವನ್ನು ಆರು ಸಲ, ಪ್ರತಿಸಲವೂ 6 ಸೆಕೆಂಡಿನೊಳಗೆ ಓಡಬೇಕು. ಆನಂತರ 75 ಮೀಟರ್ ಓಟವನ್ನು 15 ಸೆಕೆಂಡಿನಲ್ಲಿ ಮುಗಿಸಿ 25 ಮೀಟರ್ ನಡೆಯುವುದನ್ನು ನಲವತ್ತು ಬಾರಿ, ಅಂದರೆ ಒಟ್ಟು 4 ಕಿಲೋಮೀಟರ್ ಮಾಡಬೇಕು. ಇಲ್ಲಿ ಆರಂಭಿಕರಿಗೆ ಅಷ್ಟನ್ನು ಕೇಳುವುದಿಲ್ಲವಾದರೂ ಅದೇ ಕ್ರಮದ ಸಣ್ಣ ರೂಪವನ್ನು ಓಡಿಸುತ್ತಾರೆ. ಕುಕ್ಕರಹಳ್ಳಿ ಕೆರೆಯ ಸುತ್ತ ಬೆಳಗಿನ ಓಟಕ್ಕೆ ಹೋಗುವ ಅಭ್ಯಾಸವಿರುವವರು ಒಂದೇ ವೇಗದ ಓಟದ ಜೊತೆಗೆ ನಿಂತು ನಿಂತು ರಭಸದಿಂದ ಓಡುವುದನ್ನೂ ಒಂದೆರಡು ತಿಂಗಳು ಮೊದಲೇ ರೂಢಿಸಿಕೊಂಡು ಬರುವುದು ಒಳ್ಳೆಯದು.

ಇನ್ನು ತರಗತಿಯ ವಿಷಯ. ಆಟದ ನಿಯಮಗಳು ಒಟ್ಟು ಹದಿನೇಳು. ಅವುಗಳಲ್ಲಿ ಹನ್ನೆರಡನೆಯದು, ಅಂದರೆ ಫೌಲ್ ಮತ್ತು ದುರ್ವರ್ತನೆಯ ನಿಯಮ, ರೆಫರಿಯ ಕೆಲಸದ ಜೀವಾಳ. ಮೈದಾನದ ಅಳತೆ, ಚೆಂಡಿನ ತೂಕ ಮುಂತಾದ, ಮನೆಯಲ್ಲೇ ಓದಿಕೊಳ್ಳಬಹುದಾದ ಸಂಗತಿಗಳಿಗೆ ಧಾರಾಳವಾಗಿ ಸಮಯ ಕೊಟ್ಟು, ಈ ಹನ್ನೆರಡನೆಯ ನಿಯಮವನ್ನು ಮಾತ್ರ ಒಂದೇ ಅವಧಿಯಲ್ಲಿ ಓಡಿಸಿಬಿಟ್ಟದ್ದು ನನಗೆ ಸರಿ ಕಾಣಲಿಲ್ಲ. ಸ್ಪಷ್ಟವಾದ ಗೋಲಿನ ಅವಕಾಶವನ್ನು ಫೌಲ್ ಮಾಡಿ ತಪ್ಪಿಸಿದನೇ ಎಂದು ನಿರ್ಧರಿಸಲು ಗೋಲಿಗಿರುವ ದೂರ, ಆಟ ಸಾಗುತ್ತಿದ್ದ ದಿಕ್ಕು, ಚೆಂಡು ಹಿಡಿತಕ್ಕೆ ಸಿಗುವ ಸಂಭವ, ರಕ್ಷಣಾ ಆಟಗಾರರ ಸಂಖ್ಯೆ ಮತ್ತು ಸ್ಥಾನ ಇವಿಷ್ಟನ್ನೂ ಒಂದೇ ಉಸಿರಿನಲ್ಲಿ ತೂಗಬೇಕು. ಅದೇ ಫೌಲ್ ಪೆನಾಲ್ಟಿ ಬಾಕ್ಸ್‌ನೊಳಗೆ ಚೆಂಡಿಗಾಗಿ ಪ್ರಯತ್ನಿಸುವಾಗ ಆಗಿದ್ದರೆ ಪೆನಾಲ್ಟಿಯೊಂದಿಗೆ ಹಳದಿ ಕಾರ್ಡ್, ಅಂಗಿ ಹಿಡಿದೆಳೆದು ಮಾಡಿದ್ದರೆ ಕೆಂಪು. ಪಂದ್ಯದ ಫಲಿತಾಂಶವನ್ನೇ ಬದಲಿಸುವ ಇಂಥ ತೀರ್ಮಾನಗಳಿಗೆ ಉದಾಹರಣೆಗಳ ಮೇಲೆ ಉದಾಹರಣೆ ಬೇಕಿತ್ತು.

ಕೈಗೆ ಕೊಟ್ಟ ನಿಯಮಗಳ ಪ್ರತಿ ಹಳೆಯ ಆವೃತ್ತಿಯದಾಗಿದ್ದು ಇನ್ನೂ ಗಂಭೀರವಾದ ಕೊರತೆ. ಗೋಲ್‌ಕೀಪರ್ ಚೆಂಡನ್ನು ಕೈಯಲ್ಲಿ 8 ಸೆಕೆಂಡಿಗಿಂತ ಹೆಚ್ಚು ಹಿಡಿದಿಟ್ಟುಕೊಂಡರೆ ಎದುರಾಳಿಗೆ ಕಾರ್ನರ್ ಕಿಕ್ ಕೊಡಬೇಕು, ಕೊನೆಯ 5 ಸೆಕೆಂಡುಗಳನ್ನು ರೆಫರಿ ಕೈಯೆತ್ತಿ ಎಣಿಸಿ ತೋರಿಸಬೇಕು ಎಂಬ 2025ರ ಬದಲಾವಣೆ ಅದರಲ್ಲಿರಲಿಲ್ಲ. 6 ಸೆಕೆಂಡು, ಪರೋಕ್ಷ ಫ್ರೀ ಕಿಕ್ ಎಂಬ ಹಿಂದಿನ ನಿಯಮವೇ ಇತ್ತು. ತರಬೇತುದಾರರು ಮೈದಾನದಲ್ಲಿ ಅದನ್ನು ಬಾಯಿಮಾತಿನಲ್ಲಿ ಸರಿಪಡಿಸಿದರು, ನಿಜ. ಆದರೆ ಪುಸ್ತಕವನ್ನೇ ನಂಬಿ ಪರೀಕ್ಷೆಗೆ ಓದಿದವರಿಗೆ ಇದರಿಂದ ತೊಂದರೆಯಾಯಿತು. ವಿವರಣೆ ಕನ್ನಡದಲ್ಲಿದ್ದು ಸ್ಲೈಡುಗಳೂ ಪ್ರಶ್ನೆಪತ್ರಿಕೆಯೂ ಇಂಗ್ಲಿಷಿನಲ್ಲಷ್ಟೇ ಇದ್ದದ್ದರಿಂದ, ಸುತ್ತಲಿನ ಹಳ್ಳಿಗಳಿಂದ ಬಂದ ಒಳ್ಳೆಯ ಆಟಗಾರರು ಗೊತ್ತಿದ್ದ ಉತ್ತರವನ್ನೂ ಬರೆಯಲಾಗದೆ ಒದ್ದಾಡಿದರು. ಕನ್ನಡದ ಪ್ರಶ್ನೆಪತ್ರಿಕೆಯೊಂದನ್ನು ಸಿದ್ಧಪಡಿಸುವುದು ದೊಡ್ಡ ಖರ್ಚಿನ ಕೆಲಸವೇನಲ್ಲ.

ಶುಲ್ಕ ಸಾಧಾರಣ ಫುಟ್‌ಬಾಲ್ ಬೂಟಿನ ಬೆಲೆಯಷ್ಟಿದೆ. ಸೀಟಿ, ಬಾವುಟ, ಕಾರ್ಡುಗಳು ಅದರಲ್ಲೇ ಸೇರಿವೆ. ಹೆಣ್ಣುಮಕ್ಕಳು ಬಟ್ಟೆ ಬದಲಿಸಲು ಸರಿಯಾದ ಕೋಣೆ ಇರಲಿಲ್ಲ, ಇದಕ್ಕೆ ಯಾವ ನೆಪವನ್ನೂ ಒಪ್ಪಲಾಗದು.

ಪ್ರಮಾಣಪತ್ರ ಸಿಕ್ಕ ಮಾತ್ರಕ್ಕೆ ದೊಡ್ಡ ಪಂದ್ಯಗಳು ಸಿಗುವುದಿಲ್ಲ. ಶಾಲಾ ಮಟ್ಟದ ಪಂದ್ಯಗಳಲ್ಲಿ ಬಾವುಟ ಹಿಡಿಯುವುದರಿಂದ ಆರಂಭಿಸಿ ಜಿಲ್ಲೆ, ರಾಜ್ಯ, ರಾಷ್ಟ್ರ ಎಂದು ಏರಬೇಕು. ಫಿಫಾ ಪಟ್ಟಿಗೆ ಸೇರಲು ರೆಫರಿಗೆ ಕನಿಷ್ಠ 25 ವರ್ಷ, ಸಹಾಯಕನಿಗೆ 23 ವರ್ಷ ಆಗಿರಬೇಕು. ಪಕ್ಕದ ತಮಿಳುನಾಡಿನ ಶಂಕರ್ ಕೋಮಲೇಶ್ವರನ್ 2002ರ ವಿಶ್ವಕಪ್‌ನಲ್ಲಿ ಸಹಾಯಕ ರೆಫರಿಯಾಗಿದ್ದರು ಎಂಬುದನ್ನು ಇಲ್ಲಿನ ಹುಡುಗ ಹುಡುಗಿಯರು ತಿಳಿದಿರಬೇಕು. ತರಬೇತಿ ಮುಗಿಸಿದವರ ಮೊದಲ ಕೆಲವು ಪಂದ್ಯಗಳಿಗೆ ಅನುಭವಿ ರೆಫರಿಯೊಬ್ಬರು ಬಂದು ನೋಡಿ ತಿದ್ದುವ ವ್ಯವಸ್ಥೆಯನ್ನು ಸಂಘಟಕರು ಮಾಡಿದರೆ ಮೈದಾನದಲ್ಲಿ ಕಲಿಸಿದ್ದು ನಿಜಕ್ಕೂ ಉಳಿಯುತ್ತದೆ. ಈಗ ಅಂಥದ್ದೇನೂ ಇಲ್ಲ.

ಮುಂದಿನ ತಂಡಕ್ಕೆ ಸೇರುವವರು ನಿಯಮಗಳ ಹೊಸ ಆವೃತ್ತಿಯನ್ನು ಅವುಗಳನ್ನು ರೂಪಿಸುವ ಅಂತರರಾಷ್ಟ್ರೀಯ ಫುಟ್‌ಬಾಲ್ ಸಂಘ ಮಂಡಳಿಯ (IFAB) ಜಾಲತಾಣದಿಂದ ಉಚಿತವಾಗಿಯೇ ಇಳಿಸಿಕೊಂಡು, ಹನ್ನೊಂದು (ಆಫ್‌ಸೈಡ್) ಮತ್ತು ಹನ್ನೆರಡನೆಯ ನಿಯಮಗಳನ್ನಾದರೂ ಪೂರ್ತಿ ಓದಿಕೊಂಡು ಹೋಗಲಿ. ತರಗತಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ಆಗ ಮೊದಲೇ ಸಿದ್ಧವಾಗಿರುತ್ತವೆ.