ಬಿಪಿ ಮಷಿನ್ ಒಳ್ಳೆಯದೇ, ಆದರೆ ಮೊದಲು ರಟ್ಟೆ ಅಳತೆ ತಗೊಳ್ಳಿ

ದೀಪಾವಳಿ ಮುಗಿದ ಮೇಲೆ ಅವ್ವನಿಗಾಗಿ ಈ ಮಷಿನ್ ತಂದೆ. ಕಲಬುರಗಿ ಸೂಪರ್ ಮಾರ್ಕೆಟ್ ಕಡೆಯ ಒಂದು ಮೆಡಿಕಲ್ ಅಂಗಡಿಯಲ್ಲಿ 1,950 ರೂಪಾಯಿ ಕೊಟ್ಟೆ. ರಟ್ಟೆಗೆ ಪಟ್ಟಿ ಸುತ್ತಿ ಗುಂಡಿ ಒತ್ತುವ ಸಾದಾ ಮಾದರಿ. ಎಂಟು ತಿಂಗಳಿಂದ ದಿನಾ ಬಳಸುತ್ತಿದ್ದೇವೆ. ಕೆಟ್ಟಿಲ್ಲ, ಅಂಕಿ ದೊಡ್ಡದಾಗಿ ಕಾಣುತ್ತದೆ, ಓದು ಬಾರದ ಅವ್ವ ಕೂಡ ಈಗ ಅಂಕಿ ಗುರುತು ಹಿಡಿಯುತ್ತಾಳೆ.

ಆದರೆ ಮೊದಲ ಎರಡು ತಿಂಗಳು ನಮಗೆ ಸಿಕ್ಕ ಲೆಕ್ಕವೆಲ್ಲ ತಪ್ಪು.

ಅವ್ವನಿಗೆ 63 ವರ್ಷ. ದಿನಕ್ಕೊಂದು ಬಿಪಿ ಗುಳಿಗೆ ನಡೆದಿದೆ. ಮನೆಯಲ್ಲಿ ನೋಡಿದಾಗಲೆಲ್ಲ ಮೇಲಿನ ಅಂಕಿ 156, 158 ಬರುತ್ತಿತ್ತು. ಅವಳಿಗೆ ಅಂಜಿಕೆ, ನನಗೂ ಅಂಜಿಕೆ. ಗುಳಿಗೆ ಸಾಲುತ್ತಿಲ್ಲ ಅನ್ನಿಸಿ ಡಾಕ್ಟರ್ ಬಳಿ ಹೋದೆವು. ಅವರು ಔಷಧಿ ಹೆಚ್ಚಿಸುವ ಮೊದಲು, "ಮಷಿನ್ ತಗೊಂಡು ಬಾಮ್ಮಾ, ನೋಡೋಣ" ಅಂದರು. ಮರುದಿನ ಒಯ್ದೆ. ನಮ್ಮದರಲ್ಲಿ 154 ಬಂತು. ಅವರ ದೊಡ್ಡ ಪಟ್ಟಿ ಸುತ್ತಿ ನೋಡಿದರೆ 146. ನಮ್ಮ ಪಟ್ಟಿಯ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ 22–32 ಸೆಂ.ಮೀ. ಅಂತ ಬರೆದಿರುವುದನ್ನು ಅವರೇ ತೋರಿಸಿದರು.

ನಾನು ಟೇಲರ್. ಹದಿನೇಳು ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಅವ್ವನ ರಟ್ಟೆ ಸುತ್ತಳತೆ 14 ಇಂಚು ಅಂತ ನನ್ನ ಅಳತೆ ಪುಸ್ತಕದಲ್ಲಿ ಯಾವಾಗಲೋ ಬರೆದದ್ದು. 14 ಇಂಚು ಅಂದರೆ ಮೂವತ್ತೈದೂವರೆ ಸೆಂಟಿಮೀಟರ್, ನಮ್ಮ ಪಟ್ಟಿಯಾದರೆ 32 ಸೆಂ.ಮೀ. ತನಕದ ರಟ್ಟೆಗೆ ಮಾತ್ರ. ಪಟ್ಟಿ ಗಿಡ್ಡವಾದರೆ ಒಳಗಿನ ಗಾಳಿಚೀಲ ರಟ್ಟೆಯನ್ನು ಪೂರ್ತಿ ಸುತ್ತುವುದಿಲ್ಲ. ಆಗ ರಕ್ತನಾಳ ಒತ್ತಲು ಜಾಸ್ತಿ ಗಾಳಿ ಬೇಕು, ಮಷಿನ್ ಅದನ್ನೇ ಬಿಪಿ ಅಂತ ತೋರಿಸುತ್ತದೆ. ಅಂಗಡಿಯಲ್ಲಿ ಒಂದು ಮಾತು ಕೇಳಿದ್ದರೆ ಸಾಕಿತ್ತು, ಯಾರಿಗೆ ಬೇಕು, ರಟ್ಟೆ ದಪ್ಪ ಇದೆಯಾ ಅಂತ. ಡಬ್ಬಿ ಮುಚ್ಚಿ ಕೊಟ್ಟು ಕಳಿಸಿಬಿಟ್ಟರು. ಇದಕ್ಕೆ ನನಗೆ ಈಗಲೂ ಬೇಜಾರಿದೆ. ಆಮೇಲೆ 850 ರೂಪಾಯಿ ಕೊಟ್ಟು 42 ಸೆಂ.ಮೀ. ತನಕ ಬರುವ ಪಟ್ಟಿ ತರಿಸಿದೆ.

ನೋಡುವ ಕ್ರಮವೂ ನಮ್ಮದು ಸರಿ ಇರಲಿಲ್ಲ. ಅವ್ವ ಅಡುಗೆಮನೆಯಿಂದ ಎದ್ದು ಬಂದು, ಚಹಾ ಕುಡಿಯುತ್ತಾ, ನನ್ನ ಜೊತೆ ಮಾತಾಡುತ್ತಾ ಕೈ ಚಾಚುತ್ತಿದ್ದಳು. ಗಾಳಿ ಇಳಿಯುವಾಗ ನಾಳದ ಮಿಡಿತದಿಂದ ಪಟ್ಟಿಯಲ್ಲಾಗುವ ಅಲುಗಾಟವನ್ನು ಮಷಿನ್ ಅಳೆಯುತ್ತದೆ. ಕೈ ಅಲುಗಿದರೆ ಲೆಕ್ಕ ಕೆಡುತ್ತದೆ, ಮಾತಾಡಿದರೆ ಬಿಪಿಯೇ ಏರುತ್ತದೆ. ಈಗ ಚಹಾ ಕುಡಿದು ಅರ್ಧ ಗಂಟೆ ಬಿಡುತ್ತೇವೆ. ಮೂತ್ರಕ್ಕೆ ಹೋಗಿ ಬಂದು, ಕುರ್ಚಿಗೆ ಬೆನ್ನು ಆನಿಸಿ, ಕಾಲು ನೆಲಕ್ಕೆ ಊರಿ ಐದು ನಿಮಿಷ ಸುಮ್ನೆ ಕೂಡುವುದು. ಕೈ ಟೇಬಲ್ ಮೇಲೆ ಎದೆಮಟ್ಟಕ್ಕೆ ಇರಬೇಕು. ಪಟ್ಟಿ ಬರಿ ರಟ್ಟೆಗೇ, ತೋಳಿನ ಬಟ್ಟೆ ಮೇಲಲ್ಲ. ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡುತ್ತೇವೆ. ಡಾಕ್ಟರಿಗೆ ತೋರಿಸುವ ಮುಂಚೆ ಏಳು ದಿನ ಬೆಳಿಗ್ಗೆ ಎರಡು, ಸಂಜೆ ಎರಡು ಬರೆದು, ಮೊದಲ ದಿನದ್ದು ಬಿಟ್ಟು ಸರಾಸರಿ ತೆಗೆಯುತ್ತೇನೆ. ಆಸ್ಪತ್ರೆಯಲ್ಲಿ 140/90 ಮುಟ್ಟಿದರೆ ಬಿಪಿ ಅನ್ನುತ್ತಾರಲ್ವಾ, ಮನೆಯಲ್ಲಿ ಆ ಗೆರೆ 135/85.

ಅಂದರೆ 146 ಕೂಡ ಜಾಸ್ತಿಯೇ. ಅಲ್ಲಿಂದ ನಮ್ಮ ಊಟದ ಲೆಕ್ಕ ಶುರುವಾಯಿತು.

ಜೋಳದ ರೊಟ್ಟಿಗೆ ನಾವು ಉಪ್ಪು ಹಾಕುವುದಿಲ್ಲ. ಉಪ್ಪೆಲ್ಲ ಇರುವುದು ರೊಟ್ಟಿ ಪಕ್ಕದಲ್ಲಿ. ಶೇಂಗಾ ಹಿಂಡಿ (ಚಟ್ನಿ ಪುಡಿ), ಮಾವಿನ ಉಪ್ಪಿನಕಾಯಿ, ಹಪ್ಪಳ, ಸಂಜೆ ಮಿರ್ಚಿ ಭಜಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಬ್ಬರಿಗೆ ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚ, ಅದರಲ್ಲಿ ಉಪ್ಪಿನಕಾಯಿಯದ್ದೂ ಸೇರಿತು. ಉಪ್ಪು ಮೈಯಲ್ಲಿ ನೀರು ಹಿಡಿದಿಡುತ್ತದೆ, ರಕ್ತದ ಪ್ರಮಾಣ ಏರುತ್ತದೆ, ನಾಳಕ್ಕೆ ಒತ್ತಡ. "ಈ ಊರ ಬಿಸಿಲಿಗೆ ಉಪ್ಪು ಬೇಕವ್ವ" ಅಂತ ಅವ್ವ ಮಜ್ಜಿಗೆಗೂ ಹಾಕುತ್ತಿದ್ದಳು. ದಿನವಿಡೀ ಹೊಲದಲ್ಲಿ ಬೆವರುವವರ ಮಾತು ಬೇರೆ, ಮನೆಯಲ್ಲಿರುವವರಿಗೆ ಊಟದ ಉಪ್ಪೇ ಸಾಕು ಅಂತ ಡಾಕ್ಟರ್ ತಿಳಿಸಿ ಹೇಳಿದರು. ಹಿಂಡಿಗೆ ಉಪ್ಪು ಅರ್ಧ ಮಾಡಿ ಬೆಳ್ಳುಳ್ಳಿ ಹೆಚ್ಚಿಸಿದೆ, ಜೊತೆಗೆ ನಿಂಬೆಹಣ್ಣು. ಬೆಳಿಗ್ಗೆ ಐದೂವರೆಗೆ ಇಬ್ಬರೂ ಊರಿನ ಅಪ್ಪನ ಕೆರೆ ಸುತ್ತ ಅರ್ಧ ಗಂಟೆ ನಡೆಯುತ್ತೇವೆ. ಮಾರ್ಚ್ ಹೊತ್ತಿಗೆ ಸರಾಸರಿ 134ಕ್ಕೆ ಇಳಿಯಿತು. ಗುಳಿಗೆ ಅದೇ, ಬದಲಿಸಿಲ್ಲ.

ಎಪ್ರಿಲ್‌ನಲ್ಲಿ ಒಂದು ವಾರ 124, 122 ಬಂತು. ಅವ್ವ ಗುಳಿಗೆ ಬಿಡುತ್ತೇನೆ ಅಂತ ಹಟ ಹಿಡಿದಳು. ಸೆಕೆಗೆ ರಕ್ತನಾಳ ಹಿಗ್ಗಿ ಬಿಪಿ ಸ್ವಲ್ಪ ಇಳಿಯುವುದುಂಟು. ಆದರೆ ಗುಳಿಗೆ ಬಿಡುವುದು, ಕಮ್ಮಿ ಮಾಡುವುದು ಡಾಕ್ಟರ್ ಕೈಯಲ್ಲಿ. ಮಷಿನ್ ನೋಡಿ ನಾವೇ ತೀರ್ಮಾನ ಮಾಡಬಾರದು.

ಮಷಿನ್‌ನ ಕೊರತೆ ಅಂದರೆ, ಇಬ್ಬರು ಬಳಸಿದರೆ ಒಳಗಿನ ದಾಖಲೆ ಕಲಸಿ ಹೋಗುತ್ತದೆ. ಸೆಲ್ ಬದಲಿಸಿದರೆ ತಾರೀಖು ಮತ್ತೆ ಹಾಕಬೇಕು. ಹಾಗಾಗಿ ನೋಟ್‌ಬುಕ್ಕೇ ಮೇಲು. ಚಾರ್ಜರ್ ಬೇರೆ ಕೊಳ್ಳಬೇಕು, ನಾನು ತಗೊಂಡಿಲ್ಲ.

ಈಗ ಬ್ಲೌಸ್ ಅಳತೆ ಕೊಡಲು ಬಂದವರ ರಟ್ಟೆ ಹನ್ನೆರಡೂವರೆ ಇಂಚು ದಾಟಿದ್ದರೆ, "ಅಕ್ಕಾರ, ಮನಿಯಾಗ ಬಿಪಿ ಮಷಿನ್ ಐತೇನ್ರಿ?" ಅಂತ ಕೇಳುತ್ತೇನೆ. ಇದೆ ಅಂದವರಿಗೆ ಒಂದು ಚೀಟಿಯಲ್ಲಿ ಅವರ ಅಳತೆ ಸೆಂಟಿಮೀಟರ್‌ನಲ್ಲಿ ಬರೆದು ಕೊಡುತ್ತೇನೆ, ಪಟ್ಟಿಯ ಅಂಚು ನೋಡಿಕೊಳ್ಳಲಿ ಅಂತ.