ಸೀಲ್ ಪ್ಯಾಕ್ ಅಂತ ನಂಬಿ ಬೋರ್ಡ್ ಗೇಮ್ ತಗೊಳ್ಳೋಕೆ ಮುಂಚೆ ಇದನ್ನ ಓದಿ

ದುಡ್ಡು ಹೋಯ್ತು, ಹೋಗಲಿ. ನನಗೆ ಹೊಟ್ಟೆ ಉರೀತಿರೋದು ಬೇರೆ ವಿಷಯಕ್ಕೆ. ಯಾವನೋ ಮಾರಿದ ನಕಲಿ ಡಬ್ಬ ನಂಬಿ, ನನ್ನ ಹದಿಮೂರು ವರ್ಷದ ಮಗಳನ್ನ ನೆಂಟರ ಮುಂದೆ ಸುಳ್ಳು ಹೇಳ್ತಿದ್ದೀಯ ಅಂದುಬಿಟ್ಟೆ.

ಆಟದ ಹೆಸರು ಕ್ರಿಪ್ಟಿಡ್. 2018ರಲ್ಲಿ ಬಂದಿದ್ದು. ಆಟದ ಬಗ್ಗೆ ನಂದೇನೂ ತಕರಾರಿಲ್ಲ, ಅದ್ಭುತವಾದ ಆಟ, ಆಫೀಸಲ್ಲಿ ಗೆಳೆಯನ ಹತ್ರ ಇರೋ ಅಸಲಿ ಡಬ್ಬದಲ್ಲಿ ಆಡಿದ್ದೀನಿ. ಆರು ತುಂಡು ಜೋಡಿಸಿದ್ರೆ 108 ಮನೆಗಳ ನಕ್ಷೆ. ಕಾಡು, ಜೌಗು, ಮರುಭೂಮಿ, ಬೆಟ್ಟ, ನೀರು. ಅದರ ಮೇಲೆ ಬಣ್ಣಬಣ್ಣದ ಗುಡಿಸಲು, ನಿಲುಗಲ್ಲು. ಒಂದೇ ಒಂದು ಮನೇಲಿ ಪ್ರಾಣಿ ಅಡಗಿರತ್ತೆ. ಒಬ್ಬೊಬ್ಬರ ಪುಸ್ತಕದಲ್ಲಿ ಒಂದೊಂದು ಸುಳಿವು, ಬೇರೆಯವರಿಗೆ ತೋರಿಸೋ ಹಾಗಿಲ್ಲ. ಎಲ್ಲರ ಸುಳಿವಿಗೂ ಹೊಂದೋ ಮನೇನೇ ಪ್ರಾಣಿ ಇರೋ ಜಾಗ. ನಾನು ಒಂದು ಮನೆ ತೋರಿಸಿ ಕೇಳಿದ್ರೆ, ನಿಮ್ಮ ಸುಳಿವಿಗೆ ಅದು ಹೊಂದಿದ್ರೆ ಬಿಲ್ಲೆ ಇಡಬೇಕು, ಹೊಂದದಿದ್ರೆ ಕ್ಯೂಬ್. ಒಬ್ಬರು ಒಂದು ಸಲ ತಪ್ಪು ಉತ್ತರ ಕೊಟ್ರೂ ಇಡೀ ಆಟ ಎಕ್ಕುಟ್ಟೋಗತ್ತೆ. ಹಂಗಾಗಿ ಇದರಲ್ಲಿ ಪ್ರಿಂಟ್ ಸರಿ ಇರೋದೇ ಎಲ್ಲಾ.

ಇನ್‌ಸ್ಟಾಗ್ರಾಂನಲ್ಲಿ ಒಬ್ಬ ಹಾಕಿದ್ದ, "ಒರಿಜಿನಲ್, ಸೀಲ್ ಪ್ಯಾಕ್, 1,850 ರೂಪಾಯಿ". ರಾಜಾಜಿನಗರ ಮೆಟ್ರೋ ಸ್ಟೇಷನ್ ಕೆಳಗೆ ಬಂದು ಕೊಟ್ಟ. ಪ್ಲಾಸ್ಟಿಕ್ ಸುತ್ತಿತ್ತು. ಅಲ್ಲೇ ಫೋನ್ ಪೇ ಮಾಡಿದೆ. ಬಿಲ್ ಕೇಳಿದ್ದಕ್ಕೆ "ವಾಟ್ಸಾಪ್ ಮಾಡ್ತೀನಿ ಸರ್" ಅಂದ. ಇವತ್ತಿನವರೆಗೂ ಬಂದಿಲ್ಲ.

ಭಾನುವಾರ ಅಕ್ಕ, ಭಾವ ಊಟಕ್ಕೆ ಬಂದಿದ್ರು. ಊಟ ಆದ್ಮೇಲೆ ನಾಲ್ಕು ಜನ ಕೂತ್ವಿ. ತುಂಡು ಹೆಂಗೆ ಜೋಡಿಸಬೇಕು, ಯಾವ ಬಣ್ಣದ ಗುಡಿಸಲು ಎಲ್ಲಿಡಬೇಕು ಅಂತ ತೋರಿಸೋ ಕಾರ್ಡ್ ಇರತ್ತೆ, ಅದನ್ನ ನೋಡ್ಕೊಂಡು ನಕ್ಷೆ ಜೋಡಿಸಿದ್ದು ನಾನೇ. ಎರಡು ಗುಡಿಸಲು ಕಾರ್ಡಲ್ಲಿ ಒಂದೇ ಥರ ಮಸಿ ನೀಲಿ ಕಾಣ್ತಿದ್ವು. ಟ್ಯೂಬ್‌ಲೈಟ್ ಬೆಳಕಿಗೆ ಹಂಗೆ ಕಾಣತ್ತೆ ಅಂದ್ಕೊಂಡು, ಇದು ನೀಲಿ, ಅದು ಹಸಿರು ಅಂತ ಇಟ್ಟೆ. ಅಲ್ಲೇ ನಿಲ್ಲಿಸಬೇಕಿತ್ತು. ಅಲ್ಲೇ ನಿಲ್ಲಿಸಬೇಕಿತ್ತು ನಾನು.

ಒಂದು ಗಂಟೇಲಿ ಮುಗಿಯೋ ಆಟ, ಎರಡೂವರೆ ಗಂಟೆ ಆದ್ರೂ ಮುಗೀಲಿಲ್ಲ. ಕಾಡಿನ ಅಂಚಲ್ಲಿ ಒಂದು ಮನೆ, ಇದೇ ಅಂತ ನನಗೆ ಖಾತ್ರಿ ಇತ್ತು. ನನ್ನ ಬಿಲ್ಲೆ ಇಟ್ಟೆ. ಅಕ್ಕ ಬಿಲ್ಲೆ. ಭಾವ ಬಿಲ್ಲೆ. ಮಗಳು ಪುಟ್ಟಿ ಕ್ಯೂಬ್ ಇಟ್ಟಳು. "ಸರಿಯಾಗಿ ನೋಡು" ಅಂದೆ. ಪುಸ್ತಕ ತೆಗೆದು ನೋಡಿದಳು, ಬೆರಳಲ್ಲಿ ಮನೆ ಎಣಿಸಿದಳು, "ಇಲ್ಲಪ್ಪ, ಕ್ಯೂಬೇ" ಅಂದಳು. ಆಗ ನನ್ನ ಬಾಯಿಂದ ಬಂತು, "ಸೋಲ್ತೀನಿ ಅಂತ ಸುಳ್ಳು ಹೇಳ್ತಿದ್ದೀಯ". ಪುಸ್ತಕ ಟೇಬಲ್ ಮೇಲಿಟ್ಟು ಎದ್ದು ಒಳಗೆ ಹೋದಳು.

ಪುಸ್ತಕ ತೆಗೆದು ನೋಡಿದ್ವಿ. ಅವಳ ಸುಳಿವು, ನೀಲಿ ಕಟ್ಟಡದಿಂದ, ಅಂದ್ರೆ ನೀಲಿ ಗುಡಿಸಲು ಇಲ್ಲಾ ನಿಲುಗಲ್ಲಿಂದ, ಮೂರು ಮನೆಯೊಳಗೆ ಅಂತ. ಎಣಿಸಿದ್ರೆ ನಾಲ್ಕು. ಅವಳು ಹೇಳಿದ್ದು ಸರಿಯೇ ಇತ್ತು. ಭಾವ ಕಾರ್ಡ್ ತಗೊಂಡು ಬಾಲ್ಕನಿಗೆ ಹೋದ್ರು. "ನೋಡೋ ಇಲ್ಲಿ" ಅಂದ್ರು. ಬಿಸಿಲಿಗೆ ಹಿಡಿದಾಗ ಒಂದು ಗುಡಿಸಲಿನ ಅಂಚಲ್ಲಿ ಕೂದಲೆಳೆಯಷ್ಟು ಹಸಿರು. ನಾನು ನೀಲಿ ಅಂತ ಇಟ್ಟಿದ್ದು ಹಸಿರು, ಹಸಿರು ಅಂತ ಇಟ್ಟಿದ್ದು ನೀಲಿ. ಎರಡನ್ನೂ ಅದಲು ಬದಲು ಮಾಡಿದ್ವಿ. ನಾಲ್ಕೂ ಸುಳಿವು ಒಂದೇ ಮನೆಗೆ ಬಂದು ಕೂತ್ವು, ಅವಳ ಕ್ಯೂಬ್ ಇದ್ದ ಅದೇ ಮನೆಗೆ.

ಉಳಿದ ಕಾರ್ಡೆಲ್ಲಾ ತೆಗೆದು ನೋಡಿದೆ. ಎಲ್ಲಾದರಲ್ಲೂ ಅದೇ ಕಥೆ. ಮಾರನೇ ದಿನ ಗೆಳೆಯನ ಕಾರ್ಡ್ ಪಕ್ಕದಲ್ಲಿಟ್ಟು ಫೋಟೋ ತೆಗೆದೆ. ಅವನದರಲ್ಲಿ ಹಸಿರು ಹಸಿರೇ, ನೀಲಿ ನೀಲೀನೇ. ನಂದು ಸ್ಕ್ಯಾನ್ ಮಾಡಿ ಹೊಡೆದ ಕಾಪಿ ಅಂತ ಕಣ್ಣಿಗೆ ಹೊಡೆಯೋ ಹಂಗೆ ಗೊತ್ತಾಗತ್ತೆ.

ಮಾರಿದವನಿಗೆ ಫೋಟೋ ಕಳಿಸಿದ್ರೆ ಮೊದಲ ಉತ್ತರ: "ಸರ್ ಗೇಮ್ ಸ್ವಲ್ಪ ಟಫ್, ಎರಡು ಮೂರು ಸಲ ಆಡಿ, ಅರ್ಥ ಆಗತ್ತೆ". ನನಗೆ ಆಟ ಅರ್ಥ ಆಗಿಲ್ವಂತೆ! ಕಾರ್ಡ್ ಬಣ್ಣ ನೋಡ್ರೀ ಅಂದ್ರೆ, "ಮೊಬೈಲ್ ಕ್ಯಾಮೆರಾದಲ್ಲಿ ಹಂಗೆ ಬರತ್ತೆ ಸರ್". ಎರಡೂ ಒಂದೇ ಮೊಬೈಲಲ್ಲಿ, ಒಂದೇ ಫೋಟೋದಲ್ಲಿ ಇದಾವಲ್ರೀ ಅಂದೆ. ಅದಕ್ಕೆ, "ಸೀಲ್ ಒಡೆದಿದ್ದೀರ ಸರ್, ರಿಟರ್ನ್ ಆಗಲ್ಲ". ಸೀಲ್ ಒಡೀದೆ ಒಳಗಿನ ಕಾರ್ಡ್ ನೋಡೋದು ಹೆಂಗ್ರೀ? ಅದಕ್ಕೆ ಉತ್ತರ ಇಲ್ಲ, ಬ್ಲಾಕ್.

ಬಿಲ್ ಇಲ್ಲದೆ ತಗೋಬೇಡಿ. ಸೀಲ್‌ಗೆ ಮರುಳಾಗಬೇಡಿ, ಪ್ಲಾಸ್ಟಿಕ್ ಸುತ್ತೋ ಮಷಿನ್ ಯಾರ ಹತ್ರ ಬೇಕಾದ್ರೂ ಇರತ್ತೆ. ದುಡ್ಡು ಕೊಡೋ ಮುಂಚೆ ಅವರೆದುರೇ ಡಬ್ಬ ತೆಗೆಸಿ, ಕಾರ್ಡನ್ನ ಬಿಸಿಲಿಗೆ ಹಿಡಿದು ನೋಡಿ. ಒಪ್ಪಲ್ಲ ಅಂದ್ರೆ ವಾಪಸ್ ಬನ್ನಿ. ನಾನು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೀನಿ. ಬಿಲ್ ಇಲ್ಲ, ಇರೋದು ಫೋನ್ ಪೇ ಸ್ಕ್ರೀನ್‌ಶಾಟ್, ಚಾಟ್ ಅಷ್ಟೇ.

ಪುಟ್ಟಿ ಹತ್ರ ಕ್ಷಮೆ ಕೇಳಿದೆ. "ನಾನು ಮೂರು ಸಲ ಎಣಿಸಿದ್ದೆ ಅಪ್ಪ" ಅಂದಳು, ಅಷ್ಟೇ. ಗೆಳೆಯನ ಡಬ್ಬ ತರ್ತೀನಿ, ಆಡೋಣ ಅಂದ್ರೂ ಬೇಡ ಅಂದಳು.

ನಿನ್ನೆ ಭಾವ ತಮ್ಮ ನಂಬರಿಂದ ಅವನಿಗೆ ಮೆಸೇಜ್ ಹಾಕಿದ್ರು, ಕ್ರಿಪ್ಟಿಡ್ ಇದೆಯಾ ಅಂತ. ಎರಡೇ ನಿಮಿಷಕ್ಕೆ ಉತ್ತರ ಬಂತು: "ಇದೆ ಸರ್, ಒರಿಜಿನಲ್, ಸೀಲ್ ಪ್ಯಾಕ್. 2,100."